ಕೊಡಗಿನಲ್ಲಿ ಕೂತು ಕಡಲ ಸಂರಕ್ಷಣೆಯ ಯೋಜನೆ ಮಾಡುವುದು ಹೇಗೆ?

"ನಮ್ಮ ಜಿಲ್ಲೆಯಲ್ಲಿ ಕಡಲೇ ಇಲ್ಲ. ಕಡಲ ಸಂರಕ್ಷಣೆಯ ಮೇಲೆ ಪ್ರಾಜೆಕ್ಟ್ ಮಾಡಬಹುದಾ?" ಪೊನ್ನಂಪೇಟೆ, ಮಡಿಕೇರಿ, ವಿರಾಜಪೇಟೆ ಕಡೆಯ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮಾಡಬಹುದು. ಈ ಕೆಲಸದ ಮುಕ್ಕಾಲು ಭಾಗ ನಡೆಯುವುದು ಕಂಪ್ಯೂಟರ್ ಮುಂದೆ ಮತ್ತು ಜನರ ಜೊತೆ ಮಾತಿನಲ್ಲಿ. ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗೆ ಧುಮುಕಲೇಬೇಕು ಅಂತೇನಿಲ್ಲ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಯಾವ ಮೀನು ಎಷ್ಟಿದೆ, ಆಮೆ ಎಲ್ಲಿ ಮೊಟ್ಟೆ ಇಡುತ್ತದೆ ಎಂದು ಹುಡುಕುವುದು ಜೀವಶಾಸ್ತ್ರದ ಕೆಲಸ. ಸಂರಕ್ಷಣಾ ಯೋಜನೆಯ ಸಂಶೋಧನೆ ಅದರ ಮುಂದಿನದು. ಎಲ್ಲವನ್ನೂ ಕಾಪಾಡಲು ದುಡ್ಡೂ ಇಲ್ಲ, ಜನರ ಒಪ್ಪಿಗೆಯೂ ಇಲ್ಲ. ಹಾಗಿರುವಾಗ ಯಾವ ಜಾಗವನ್ನು ಮೊದಲು ಕಾಪಾಡಬೇಕು, ಅದರಿಂದ ಯಾರಿಗೆ ಎಷ್ಟು ನಷ್ಟ ಎಂದು ಲೆಕ್ಕ ಹಾಕಿ ತೋರಿಸುವುದು ಇಲ್ಲಿನ ಕೆಲಸ. ಈ ವಿಧಾನಕ್ಕೆ ಗಟ್ಟಿ ಚೌಕಟ್ಟು ಕೊಟ್ಟವರು ಮಾರ್ಗ್ಯುಲ್ಸ್ ಮತ್ತು ಪ್ರೆಸ್ಸಿ ಎಂಬ ವಿಜ್ಞಾನಿಗಳು. 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅವರ ಲೇಖನವನ್ನು ಒಮ್ಮೆ ಓದಿಕೊಳ್ಳಿ, ಕಷ್ಟವಿಲ್ಲ.

ಬೇಕಾಗುವ ಸಾಮಾನು ಕಡಿಮೆ. ಸಾಧಾರಣ ಲ್ಯಾಪ್‌ಟಾಪ್, ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶ, ಮಾರ್ಕ್ಸಾನ್ ಎಂಬ ಉಚಿತ ಲೆಕ್ಕಾಚಾರದ ತಂತ್ರಾಂಶ, ದೊಡ್ಡದಾಗಿ ಮುದ್ರಿಸಿದ ಕಾಗದದ ನಕ್ಷೆ, ಒಂದು ನೋಟ್‌ಬುಕ್. ಇದರ ಜೊತೆ ಕರಾವಳಿಯಲ್ಲಿ ಒಬ್ಬ ಮಾರ್ಗದರ್ಶಕರು ಬೇಕು. ಮಂಗಳೂರಿನ ಮೀನುಗಾರಿಕೆ ಕಾಲೇಜು, ಕಾರವಾರದ ಕಡಲ ಜೀವಶಾಸ್ತ್ರ ವಿಭಾಗ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರ, ಇವುಗಳಲ್ಲಿ ಯಾರಿಗಾದರೂ ಪತ್ರ ಬರೆದು ಶುರು ಮಾಡಿ. ಪತ್ರದಲ್ಲಿ ನಿಮ್ಮ ಪ್ರಶ್ನೆ ಇರಲಿ. "ಕಡಲಿನ ಬಗ್ಗೆ ಆಸಕ್ತಿ ಇದೆ ಸರ್" ಅಂತಷ್ಟೇ ಬರೆದರೆ ಉತ್ತರ ಬರುವುದು ಕಷ್ಟ.

ಹಂತ 1: ತೀರ್ಮಾನವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಕಂಪ್ಯೂಟರ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಯಾರು, ಯಾವ ತೀರ್ಮಾನ, ಎಲ್ಲಿ, ಯಾವ ಮಿತಿಯೊಳಗೆ ತೆಗೆದುಕೊಳ್ಳಬೇಕು? ಈ ನಾಲ್ಕೂ ಒಂದೇ ವಾಕ್ಯದಲ್ಲಿ ಬರಬೇಕು.

"ಅಳಿವೆಯ ಜೀವವೈವಿಧ್ಯದ ಅಧ್ಯಯನ" ಅನ್ನುವುದು ತೀರ್ಮಾನ ಅಲ್ಲ. "ಈ ಅಳಿವೆಯಲ್ಲಿ ಕಾಂಡ್ಲಾ ಗಿಡಗಳನ್ನು ಉಳಿಸಲು ಪಂಚಾಯಿತಿ ಯಾವ ಜಾಗಗಳಿಗೆ ಮೊದಲು ಕೈ ಹಾಕಬೇಕು, ಚಿಪ್ಪು ಹೆಕ್ಕುವವರ ದುಡಿಮೆಗೆ ಆದಷ್ಟು ಕಡಿಮೆ ಪೆಟ್ಟು ಬೀಳುವಂತೆ?" ಇದು ತೀರ್ಮಾನ. ಅಳಿವೆ ಎಂದರೆ ನದಿ ಕಡಲು ಸೇರುವ ಜಾಗ. ಕಾಂಡ್ಲಾ ಎಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್.

ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಯಾರಿಗಿದೆ ಎನ್ನುವುದನ್ನೂ ಈಗಲೇ ತಿಳಿದುಕೊಳ್ಳಿ. ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯ ಸರ್ಕಾರದ ಕೈಯಲ್ಲಿದೆ. ಅದರಾಚೆ 200 ಮೈಲಿವರೆಗಿನದು ಕೇಂದ್ರದ್ದು. ಕಡಲ ದಡದಲ್ಲಿ ಭರತರೇಖೆಯಿಂದ (ಭರತದ ನೀರು ಏರುವ ಗೆರೆ) ಒಳನಾಡಿನ ಕಡೆ 500 ಮೀಟರ್‌ವರೆಗೆ ಕರಾವಳಿ ನಿಯಂತ್ರಣ ವಲಯದ ನಿಯಮ ನಡೆಯುತ್ತದೆ, ಅಳಿವೆಯ ದಡದಲ್ಲಿ ಈ ಅಂತರ ಇನ್ನೂ ಕಡಿಮೆ. ಈಗಿರುವುದು 2019ರ ಅಧಿಸೂಚನೆ. ಆಮೆ, ಹವಳದಂಥ ಜೀವಿಗಳಿಗೆ 1972ರ ವನ್ಯಜೀವಿ ಕಾಯ್ದೆ ಇದೆ, ಅದನ್ನು ನೋಡಿಕೊಳ್ಳುವುದು ಅರಣ್ಯ ಇಲಾಖೆ. ಒಂದೇ ಅಳಿವೆಯಲ್ಲಿ ಇಷ್ಟೂ ಜನ ಪಾಲುದಾರರು.

ಹಂತ 2: ನಿಮ್ಮ ಹೊಳೆಯ ಹಿಂದೆ ಹೋಗಿ

ಕೊಡಗಿನವರಿಗೆ ಒಂದು ಅನುಕೂಲ ಇದೆ. ನಮ್ಮ ಮಳೆ ಎರಡು ಕಡಲಿಗೆ ಹೋಗುತ್ತದೆ.

ತಲಕಾವೇರಿಯಿಂದ ಹೊರಟ ನೀರು ಹಾರಂಗಿ, ಲಕ್ಷ್ಮಣತೀರ್ಥ, ಹೇಮಾವತಿಗಳನ್ನು ಸೇರಿಸಿಕೊಂಡು ಸುಮಾರು 800 ಕಿಲೋಮೀಟರ್ ಹರಿದು ತಮಿಳುನಾಡಿನಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ಅಲ್ಲಿ ಪಿಚಾವರಂ, ಮುತ್ತುಪೇಟೆಯ ಕಾಂಡ್ಲಾ ಕಾಡುಗಳಿವೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿಯುವಾಗ ಕಾಣುವ ಬಾರಾಪೊಳೆ ವಳಪಟ್ಟಣಂ ನದಿ ಸೇರಿ ಕಣ್ಣೂರಿನ ಹತ್ತಿರ ಅರಬ್ಬಿ ಕಡಲಿಗೆ ಬೀಳುತ್ತದೆ. ಸಂಪಾಜೆ ಕಡೆಯ ಪಯಸ್ವಿನಿ ಸುಳ್ಯ ದಾಟಿ, ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನಲ್ಲಿ ಕಡಲು ಸೇರುತ್ತದೆ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ವಳಪಟ್ಟಣಂ ಅಥವಾ ಚಂದ್ರಗಿರಿ. ಹತ್ತಿರ ಇದೆ, ಜಾಗ ಚಿಕ್ಕದು, ಬಸ್ಸಿನಲ್ಲಿ ಹೋಗಿ ಬರಬಹುದು. ಕೇರಳದಲ್ಲಿ ಕಾಂಡ್ಲಾ ಜಾಸ್ತಿ ಇರುವ ಜಿಲ್ಲೆ ಕಣ್ಣೂರು. ಅದರಲ್ಲಿ ಬಹಳಷ್ಟು ಖಾಸಗಿ ಜಮೀನಿನಲ್ಲಿದೆ. ಅಂದರೆ ಯೋಜನೆ ಮಾಡುವವರಿಗೆ ನಿಜವಾದ ಸವಾಲು ಅಲ್ಲೇ ಇದೆ. ಕರ್ನಾಟಕದಲ್ಲೇ ಮಾಡಬೇಕು ಅನ್ನುವವರು ಉತ್ತರ ಕನ್ನಡದ ಅಘನಾಶಿನಿ ಅಳಿವೆ ನೋಡಿ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದೆ. ಹಿಂದಿನ ಅಧ್ಯಯನಗಳೂ ಸಿಗುತ್ತವೆ.

ಇಲ್ಲಿ ಎಡವುವುದು ಎಲ್ಲಿ ಅಂದರೆ, ಕಡಲಿನ ನಕ್ಷೆಯನ್ನು ದಡದಲ್ಲೇ ಕತ್ತರಿಸಿಬಿಡುವುದು. ಮೇಲಿನ ಹೊಳೆಯಲ್ಲಿ ಆಗುವುದು ಕೆಳಗೆ ತಲುಪುತ್ತದೆ. ಕೆಲವು ಸಲ ತಲುಪದೇ ಇರುವುದೇ ಸಮಸ್ಯೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಕುಸಿದ ಗುಡ್ಡದ ಮಣ್ಣು ಪಯಸ್ವಿನಿಯ ದಾರಿ ಹಿಡಿದು ಸುಳ್ಯದ ಕಡೆ ಇಳಿಯಿತು. ಕಾವೇರಿಯ ಕಥೆ ಉಲ್ಟಾ. ನಮ್ಮ ಬೆಟ್ಟದ ಹೂಳು ಹಾರಂಗಿ, ಕನ್ನಂಬಾಡಿ, ಮೆಟ್ಟೂರು ಅಣೆಕಟ್ಟುಗಳಲ್ಲಿ ನಿಂತುಬಿಡುತ್ತದೆ, ಮುಖಜ ಭೂಮಿಗೆ ಹೊಸ ಮಣ್ಣು ಕಡಿಮೆ ಬೀಳುತ್ತದೆ. ಹಾಗಾಗಿ ಯೋಜನೆಯ ನಕ್ಷೆ ಅಳಿವೆಯದ್ದೇ ಆಗಿದ್ದರೂ, ಮೇಲಿನಿಂದ ಬರುವ ಹೂಳು, ಕಾಫಿ ಪಲ್ಪಿಂಗ್ ನೀರು, ಅಣೆಕಟ್ಟು ಇವುಗಳನ್ನು ಅಪಾಯದ ಪಟ್ಟಿಯಲ್ಲಿ ಬರೆಯಲೇಬೇಕು. ಕರಾವಳಿಯ ವಿದ್ಯಾರ್ಥಿಗಳು ಈ ಭಾಗವನ್ನು ಸಾಮಾನ್ಯವಾಗಿ ಒಂದು ಪ್ಯಾರಾದಲ್ಲಿ ಮುಗಿಸುತ್ತಾರೆ. ನಿಮಗೆ ಅದು ಹಿತ್ತಲಿನ ವಿಷಯ, ಬಿಡಬೇಡಿ.

ಹಂತ 3: ಮನೆಯಲ್ಲಿ ಕೂತು ಸಿಗುವ ಮಾಹಿತಿ ಕೂಡಿಸಿ

ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತ, 10 ಮೀಟರ್ ಅಳತೆಯವರೆಗೆ ಸ್ಪಷ್ಟ. ಕಾಂಡ್ಲಾ ಗುರುತಿಸಲು ಸಾಕು. ಮಳೆಗಾಲದ ಚಿತ್ರ ತೆಗೆದುಕೊಂಡರೆ ಬರೀ ಮೋಡ. ಡಿಸೆಂಬರ್‌ನಿಂದ ಮಾರ್ಚ್ ಒಳಗಿನದು ತೆಗೆದುಕೊಳ್ಳಿ. ಚಿತ್ರ ತೆಗೆದ ಹೊತ್ತಿನಲ್ಲಿ ಭರತ ಇತ್ತೋ ಇಳಿತ ಇತ್ತೋ ನೋಡಿ. ಇಲ್ಲದಿದ್ದರೆ ನೀರು ಮುಚ್ಚಿದ ಕೆಸರುಬಯಲು ನಿಮ್ಮ ನಕ್ಷೆಯಲ್ಲಿ ಮಾಯವಾಗಿರುತ್ತದೆ. ಭರತ-ಇಳಿತದ ಸಮಯ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಿಂದ ಸಿಗುತ್ತದೆ.

ಜೀವಿಗಳು ಕಂಡ ದಾಖಲೆಗೆ ಓಬಿಸ್, ಜಿಬಿಫ್ ಎಂಬ ಮುಕ್ತ ಸಂಗ್ರಹಗಳಿವೆ. ಹಕ್ಕಿಗಳಿಗೆ ಇಬರ್ಡ್. ಇವುಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಜನ ಎಲ್ಲಿ ಹೋಗುತ್ತಾರೋ ಅಲ್ಲೇ ದಾಖಲೆ ಜಾಸ್ತಿ. ರಸ್ತೆ, ಸೇತುವೆ, ರೆಸಾರ್ಟ್ ಪಕ್ಕದಲ್ಲಿ ಚುಕ್ಕೆಗಳ ರಾಶಿ, ಆಚೆ ದಡದಲ್ಲಿ ಒಂದೂ ಇಲ್ಲ. ಚುಕ್ಕೆ ಇಲ್ಲ ಅಂದರೆ ಹಕ್ಕಿ ಇಲ್ಲ ಅಂತಲ್ಲ.

ಕಡಲಿನ ಆಳ ತಿಳಿಯಲು ಎಲ್ಲರೂ ಜೆಬ್ಕೋ ಎಂಬ ಜಾಗತಿಕ ನಕ್ಷೆ ಬಳಸುತ್ತಾರೆ. ಅದರ ಒಂದೊಂದು ಚೌಕದ ಬದಿ ಸುಮಾರು 450 ಮೀಟರ್. ದೊಡ್ಡ ಕಡಲಿಗೆ ಸರಿ, ಅಳಿವೆಗೆ ಪ್ರಯೋಜನವಿಲ್ಲ. ಅಳಿವೆಯ ಆಳ ದೋಣಿಯವರಿಗೆ ಗೊತ್ತು, ಅವರನ್ನೇ ಕೇಳಿ.

ಇನ್ನೊಂದು ಸಣ್ಣ ಎಚ್ಚರಿಕೆ, ಆದರೆ ಇಡೀ ಲೆಕ್ಕ ಕೆಡಿಸುವಂಥದ್ದು. ನಕ್ಷೆ ಅಕ್ಷಾಂಶ-ರೇಖಾಂಶದಲ್ಲೇ ಇದ್ದಾಗ ವಿಸ್ತೀರ್ಣ ಅಳೆಯಬೇಡಿ. ಮೀಟರ್ ಲೆಕ್ಕಕ್ಕೆ ಬದಲಾಯಿಸಿಕೊಳ್ಳಿ. ಕರ್ನಾಟಕ, ಕಣ್ಣೂರು, ಕಾಸರಗೋಡು ಕರಾವಳಿಗೆ ಯುಟಿಎಂ ಎಂಬ ಮೀಟರ್ ಪದ್ಧತಿಯ ವಲಯ 43 ಉತ್ತರ. ಕಾವೇರಿ ಮುಖಜ ಭೂಮಿಗೆ ಅದು ನಡೆಯುವುದಿಲ್ಲ, ಅಲ್ಲಿಗೆ 44 ಉತ್ತರ.

ಹಂತ 4: ನಕ್ಷೆಯನ್ನು ತುಂಡು ಮಾಡಿ, ಗುರಿ ಇಡಿ

ಕ್ಯೂಜಿಐಎಸ್‌ನಲ್ಲಿ ಇಡೀ ಜಾಗದ ಮೇಲೆ ಚೌಕಗಳ ಬಲೆ ಹಾಕಿ. ಒಂದೊಂದು ಚೌಕಕ್ಕೂ ಪ್ಲಾನಿಂಗ್ ಯೂನಿಟ್ ಎನ್ನುತ್ತಾರೆ. "ಇದನ್ನು ಕಾಪಾಡೋಣವೇ, ಬೇಡವೇ" ಎಂದು ಒಂದೇ ಮಾತಿನಲ್ಲಿ ಹೇಳಬಹುದಾದ ಚಿಕ್ಕ ತುಂಡು ಅದು. ಚಿಕ್ಕ ಅಳಿವೆಗೆ 250 ಮೀಟರ್ ಚೌಕ ಸಾಕು. ನಿಮ್ಮ ಮಾಹಿತಿ ಒರಟಾಗಿದ್ದು ಚೌಕ ಮಾತ್ರ 20 ಮೀಟರ್ ಇಟ್ಟರೆ ನಕ್ಷೆ ನೋಡಲು ಚೆಂದ, ಆದರೆ ಸುಳ್ಳು.

ಕಾಪಾಡಬೇಕಾದ ಅಂಶಗಳ ಪಟ್ಟಿ ಮಾಡಿ: ಕಾಂಡ್ಲಾ, ಕೆಸರುಬಯಲು, ಚಿಪ್ಪಿನ ಹಾಸು, ಆಮೆ ಮೊಟ್ಟೆಯಿಡುವ ಮರಳು, ವಲಸೆ ಹಕ್ಕಿ ಇಳಿಯುವ ಜಾಗ. ಮೊದಲ ಸಲ ಹತ್ತರ ಒಳಗೆ ಇರಲಿ. ಪ್ರತಿಯೊಂದರಲ್ಲೂ ಎಷ್ಟು ಪಾಲು ಉಳಿಯಬೇಕು ಎಂದು ಬರೆಯಿರಿ. ಇದೇ ಗುರಿ.

ಇಲ್ಲಿ ಬಹಳ ಜನ ಸುಮ್ನೆ ಎಲ್ಲಕ್ಕೂ 30 ಶೇಕಡಾ ಹಾಕಿಬಿಡುತ್ತಾರೆ. 2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಿದ ಗುರಿ ಅದು, 2030ರೊಳಗೆ ನೆಲ-ನೀರಿನ 30 ಶೇಕಡಾ. ಜಗತ್ತಿನ ಒಟ್ಟು ಲೆಕ್ಕ ಅದು, ನಿಮ್ಮ ಅಳಿವೆಯ ಆಮೆಯ ಮರಳಿಗೆ ಹೇಳಿದ್ದಲ್ಲ. ಇರುವುದೇ ಎರಡು ತುಂಡು ಮರಳಾದರೆ 30 ಶೇಕಡಾಕ್ಕೆ ಅರ್ಥವೇ ಇಲ್ಲ, ಎರಡನ್ನೂ ಉಳಿಸಬೇಕು. ಎಲ್ಲೆಡೆ ಹರಡಿರುವ ಕೆಸರುಬಯಲಿಗೆ 15 ಸಾಕಾಗಬಹುದು. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಒಂದು ಸಾಲಿನ ಕಾರಣ ಬರೆಯಿರಿ.

ಹಂತ 5: ನಷ್ಟದ ಲೆಕ್ಕ

ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲಿ ಹಾಕಿ. ನೂರಕ್ಕೆ ತೊಂಬತ್ತು ಪ್ರಾಜೆಕ್ಟ್‌ಗಳು ಸೊರಗುವುದು ಇಲ್ಲೇ ಅನ್ನುವುದು ನನ್ನ ಅಭಿಪ್ರಾಯ.

2013ರಲ್ಲಿ ಕಸ್ತೂರಿರಂಗನ್ ವರದಿ ಬಂದು ಕೊಡಗಿನ 55 ಗ್ರಾಮಗಳು ಸೂಕ್ಷ್ಮ ಪ್ರದೇಶದ ಪಟ್ಟಿಗೆ ಸೇರಿದಾಗ ನಮ್ಮಲ್ಲಿ ಎದ್ದ ಗಲಾಟೆ ನೆನಪಿದೆ ಅಲ್ವಾ? ಉಪಗ್ರಹದ ಚಿತ್ರದಲ್ಲಿ ಮರದ ನೆರಳಿನ ಕಾಫಿ ತೋಟವೂ ಹಸಿರು, ಕಾಡೂ ಹಸಿರು. ಯಾರನ್ನೂ ಕೇಳದೆ ಗೆರೆ ಎಳೆದರು ಅನ್ನುವುದು ಬೆಳೆಗಾರರ ದೂರು. ಆ ವಾದ ಸರಿಯೋ ತಪ್ಪೋ ಬಿಡಿ. ನೀವೀಗ ಕಡಲಿನವರ ಜಾಗದಲ್ಲಿ ಗೆರೆ ಎಳೆಯುವ ಕಡೆ ಕೂತಿದ್ದೀರಿ.

ಲೆಕ್ಕದಲ್ಲಿ ಪ್ರತಿ ಚೌಕಕ್ಕೂ ಒಂದು ನಷ್ಟದ ಅಂಕ ಕೊಡಬೇಕು. ಆ ಚೌಕವನ್ನು ಮುಚ್ಚಿದರೆ ಯಾರ ದುಡಿಮೆಗೆ ಎಷ್ಟು ಪೆಟ್ಟು ಎನ್ನುವುದು ಅದು. ಸುಲಭದ ದಾರಿ ಅಂತ ವಿದ್ಯಾರ್ಥಿಗಳು ಗ್ಲೋಬಲ್ ಫಿಶಿಂಗ್ ವಾಚ್ ನಕ್ಷೆ ಇಳಿಸಿಕೊಳ್ಳುತ್ತಾರೆ. ಅದು ಮುಖ್ಯವಾಗಿ ಎಐಎಸ್ ಸಾಧನ ಇರುವ ಹಡಗುಗಳ ಜಾಡು ಹಿಡಿಯುತ್ತದೆ. ಎಐಎಸ್ ಎಂದರೆ ಹಡಗು ತಾನು ಎಲ್ಲಿದ್ದೇನೆ ಎಂದು ಸಾರುತ್ತಾ ಹೋಗುವ ರೇಡಿಯೋ ಪೆಟ್ಟಿಗೆ. ನಾಡದೋಣಿಯಲ್ಲಿ ಅದು ಎಲ್ಲಿರುತ್ತದೆ? ದಡದ ಹತ್ತಿರದ ನೀರು, ಅಂದರೆ ನೂರಾರು ಮನೆಗಳ ಒಲೆ ಉರಿಸುವ ನೀರು, ಆ ನಕ್ಷೆಯಲ್ಲಿ ಖಾಲಿ ಕಾಣುತ್ತದೆ. ತಂತ್ರಾಂಶ ಏನು ಮಾಡುತ್ತದೆ? ನಷ್ಟ ಸೊನ್ನೆ ಇರುವ ಜಾಗವನ್ನೇ ಮೊದಲು ಆರಿಸುತ್ತದೆ. ಬಡವರ ನೀರನ್ನು ಮೊದಲು ಮುಚ್ಚಿ ಎಂದು ನಿಮ್ಮ ವರದಿ ಹೇಳುತ್ತದೆ.

ಬದಲಿಗೆ ಹೀಗೆ ಮಾಡಿ. ಅಳಿವೆಯ ನಕ್ಷೆಯನ್ನು ಚೌಕಗಳ ಸಮೇತ ದೊಡ್ಡದಾಗಿ ಮುದ್ರಿಸಿ. ಸೇತುವೆ, ದೇವಸ್ಥಾನ, ಮಸೀದಿ, ಮಂಜುಗಡ್ಡೆ ಕಾರ್ಖಾನೆ ಇಂಥ ಗುರುತುಗಳು ಕಾಣುವಂತಿರಲಿ. ಮನೆಯಿಂದ ಒಂದು ಚೀಲ ಒಣ ಕಾಫಿ ಬೀಜ ಒಯ್ಯಿರಿ. ಒಬ್ಬೊಬ್ಬರಿಗೂ 50 ಬೀಜ ಕೊಟ್ಟು, "ವರ್ಷದಲ್ಲಿ ನಿಮಗೆ ಎಲ್ಲಿ ಎಷ್ಟು ಸಿಗುತ್ತದೋ ಅದಕ್ಕೆ ತಕ್ಕಂತೆ ಇಡಿ" ಎನ್ನಿ. ಬಾಯಲ್ಲಿ "ಎಲ್ಲಾ ಕಡೆ ಹಿಡಿಯುತ್ತೇವೆ" ಎಂದವರ ಕೈ ಕೂಡ ಬೀಜ ಇಡುವಾಗ ಎರಡು ಮೂರು ಚೌಕದ ಮೇಲೆಯೇ ನಿಲ್ಲುತ್ತದೆ. ಎಣಿಸಿ ಬರೆದುಕೊಳ್ಳಿ, ಬೀಜ ಎತ್ತಿ, ಮುಂದಿನವರನ್ನು ಕೇಳಿ. ಒಬ್ಬರು ಇಟ್ಟಿದ್ದನ್ನು ಇನ್ನೊಬ್ಬರು ನೋಡದಿದ್ದರೆ ಒಳ್ಳೆಯದು.

ಆಮೇಲೆ ತೂಕ ಹಾಕಬೇಕು. ಉದಾಹರಣೆಗೆ, ಊರಲ್ಲಿ 40 ನಾಡದೋಣಿ, 8 ಟ್ರಾಲರ್ (ಬಲೆ ಎಳೆದುಕೊಂಡು ಹೋಗುವ ಯಂತ್ರದ ದೋಣಿ) ಇವೆ. ನೀವು ಮಾತಾಡಿಸಿದ್ದು 10 ನಾಡದೋಣಿ, 4 ಟ್ರಾಲರ್‌ನವರನ್ನು. ಆಗ ಪ್ರತಿ ನಾಡದೋಣಿಯ ಉತ್ತರ 4 ದೋಣಿಗಳ ಪರ, ಪ್ರತಿ ಟ್ರಾಲರಿನದು 2ರ ಪರ. ಹಾಗೆ ಗುಣಿಸಿ ಕೂಡಿಸಿ. ಇಬ್ಬರ ನಷ್ಟವನ್ನೂ ಬೇರೆ ಬೇರೆ ಪದರವಾಗಿ ಇಟ್ಟುಕೊಳ್ಳಿ. ಒಟ್ಟಿಗೆ ಕಲಸಿದರೆ ಪೂರ್ತಿ ನಷ್ಟ ಯಾರೋ ಒಬ್ಬರ ತಲೆಗೆ ಬಿದ್ದದ್ದು ಕಾಣುವುದೇ ಇಲ್ಲ.

ದೋಣಿ ಇಲ್ಲದವರನ್ನು ಮರೆಯಬೇಡಿ. ಇಳಿತದ ಹೊತ್ತಿನಲ್ಲಿ ಚಿಪ್ಪು ಹೆಕ್ಕುವ ಹೆಂಗಸರು, ಬೀಸುಬಲೆ ಹಿಡಿದವರು, ಕಲ್ಲುಮ್ಮಕಾಯಿ (ಕಲ್ಲಿಗೆ ಅಂಟುವ ಒಂದು ಬಗೆಯ ಚಿಪ್ಪು) ಸಾಕುವವರು ಮೀನುಗಾರರ ಸಂಘದ ಪಟ್ಟಿಯಲ್ಲಿ ಇರದೇ ಹೋಗಬಹುದು. ಸಂಘದ ಅಧ್ಯಕ್ಷರೊಬ್ಬರನ್ನೇ ಮಾತಾಡಿಸಿ "ಸಮುದಾಯದ ಅಭಿಪ್ರಾಯ ಪಡೆಯಲಾಯಿತು" ಎಂದು ಬರೆಯುವುದು ಈ ಕ್ಷೇತ್ರದ ಹಳೇ ಚಾಳಿ.

ಭಾಷೆಯ ಏರ್ಪಾಡು ಮೊದಲೇ ಮಾಡಿಕೊಳ್ಳಿ. ಕಣ್ಣೂರು, ಕಾಸರಗೋಡಿನಲ್ಲಿ ಮಲಯಾಳ ಬೇಕು, ಮಂಗಳೂರು ಕಡೆ ತುಳು, ಬ್ಯಾರಿ, ಕಾರವಾರದ ಕಡೆ ಕೊಂಕಣಿ. ಒಂದೇ ಮೀನಿಗೆ ಊರಿಗೊಂದು ಹೆಸರು, ಆದ್ದರಿಂದ ಫೋಟೋ ತೋರಿಸಿ ಕೇಳಿ. ಯಾರಾದರೂ ತಮ್ಮ ಗುಟ್ಟಿನ ಜಾಗ ತೋರಿಸಿದರೆ ಅದನ್ನು ಹೆಸರು ಸಮೇತ ಪ್ರಕಟಿಸಬೇಡಿ. ಆಮೆಯ ಗೂಡಿನ ನಿಖರ ಜಾಗವನ್ನೂ ಅಷ್ಟೇ. ಆಮೆ, ಮೊಟ್ಟೆ ಮುಟ್ಟಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಾರವಾರದ ಸುತ್ತ ನೌಕಾನೆಲೆ ಇದೆ, ಅಲ್ಲಿ ಅನುಮತಿ ಇಲ್ಲದೆ ಡ್ರೋನ್ ಎತ್ತಲೇಬೇಡಿ.

ಹಂತ 6: ಮೊದಲು ಕೈಯಲ್ಲಿ, ಆಮೇಲೆ ಮಾರ್ಕ್ಸಾನ್‌ನಲ್ಲಿ

ತಂತ್ರಾಂಶ ಏನು ಮಾಡುತ್ತದೆ ಎಂದು ಗೊತ್ತಾಗಲು ಐದು ಚೌಕದ ಲೆಕ್ಕ ಕೈಯಲ್ಲಿ ಮಾಡಿ ನೋಡಿ.

ಚೌಕ ಕ: ಕಾಂಡ್ಲಾ, ಚಿಪ್ಪು, ಹಕ್ಕಿ. ನಷ್ಟ 9.
ಚೌಕ ಖ: ಕಾಂಡ್ಲಾ, ಚಿಪ್ಪು. ನಷ್ಟ 3.
ಚೌಕ ಗ: ಹಕ್ಕಿ, ಆಮೆ ಮರಳು. ನಷ್ಟ 4.
ಚೌಕ ಘ: ಆಮೆ ಮರಳು. ನಷ್ಟ 5.
ಚೌಕ ಚ: ಕಾಂಡ್ಲಾ, ಹಕ್ಕಿ. ನಷ್ಟ 6.

ನಾಲ್ಕು ಅಂಶಗಳೂ ಒಂದೊಂದು ಸಲವಾದರೂ ಬರಬೇಕು. ಎಲ್ಲರ ಕೈ ಮೊದಲು 'ಕ' ಮೇಲೆ ಹೋಗುತ್ತದೆ, ಮೂರು ಅಂಶ ಒಟ್ಟಿಗೆ ಇದೆಯಲ್ಲ. ಆಮೆಗಾಗಿ 'ಗ' ಸೇರಿಸಿದರೆ ನಷ್ಟ 13. ಆದರೆ 'ಖ' ಮತ್ತು 'ಗ' ತೆಗೆದುಕೊಳ್ಳಿ, ನಾಲ್ಕೂ ಬಂತು, ನಷ್ಟ ಬರೀ 7. ಅತಿ ಶ್ರೀಮಂತ ಚೌಕ ಪಟ್ಟಿಯಲ್ಲೇ ಇಲ್ಲ! ಒಂದಕ್ಕೊಂದು ಕೊರತೆ ತುಂಬುವ ಜಾಗಗಳನ್ನು ಜೋಡಿಸುವ ಈ ಗುಣಕ್ಕೆ ಪೂರಕತೆ ಎನ್ನುತ್ತಾರೆ. ಇಡೀ ವಿಧಾನದ ಜೀವ ಅದರಲ್ಲಿದೆ.

ಐದು ಚೌಕ ಕೈಯಲ್ಲಾಗುತ್ತದೆ, ಐನೂರು ಆಗುವುದಿಲ್ಲ. ಅದಕ್ಕೆ ಮಾರ್ಕ್ಸಾನ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇಯಾನ್ ಬಾಲ್ ಮತ್ತು ಹ್ಯೂ ಪಾಸಿಂಗ್‌ಹ್ಯಾಮ್ ರೂಪಿಸಿದ್ದು. ಚೌಕಗಳ ಪಟ್ಟಿ, ಅಂಶಗಳ ಪಟ್ಟಿ, ಯಾವ ಚೌಕದಲ್ಲಿ ಯಾವ ಅಂಶ ಎಷ್ಟಿದೆ ಎಂಬ ಪಟ್ಟಿ, ಚೌಕಗಳ ನಡುವಿನ ಗಡಿಯ ಉದ್ದ, ಇವನ್ನು ಕಡತಗಳಾಗಿ ಕೊಡಬೇಕು. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರುವವರು ಪ್ರಯಾರಿಟೈಸರ್ ಎಂಬ ಪ್ಯಾಕೇಜ್ ಬಳಸಬಹುದು, ಅದೂ ಉಚಿತ.

ತಂತ್ರಾಂಶದಲ್ಲಿ ನೀವು ಹೊಂದಿಸಬೇಕಾದ ಎರಡು ಸಂಖ್ಯೆಗಳ ಅರ್ಥ ತಿಳಿದಿರಲಿ. ಒಂದು, ಗಡಿಯ ದಂಡ. ಆರಿಸಿದ ಚೌಕಗಳು ಚೆಲ್ಲಾಪಿಲ್ಲಿ ಬಿದ್ದರೆ ಕಾವಲು ಕಾಯಲು ಆಗುವುದಿಲ್ಲ. ದಂಡ ಜಾಸ್ತಿ ಮಾಡಿದಷ್ಟೂ ಅವು ಒತ್ತೊತ್ತಾಗಿ ಬರುತ್ತವೆ, ನಷ್ಟವೂ ಏರುತ್ತದೆ. ಇನ್ನೊಂದು, ಗುರಿ ತಪ್ಪಿದರೆ ಬೀಳುವ ದಂಡ. ಇದು ತೀರಾ ಕಡಿಮೆಯಾದರೆ ತಂತ್ರಾಂಶ ಗುರಿಯನ್ನೇ ಕೈಬಿಟ್ಟು ಅಗ್ಗದ ಉತ್ತರ ಕೊಡುತ್ತದೆ.

ಒಂದೇ ಸಲ ಓಡಿಸಿ ಬಂದ "ಅತ್ಯುತ್ತಮ ಉತ್ತರ"ವನ್ನು ನಕ್ಷೆ ಮಾಡಿ ಕೊಡಬೇಡಿ. ಪ್ರತಿ ಸಲವೂ ಉತ್ತರ ಸ್ವಲ್ಪ ಬೇರೆ ಬರಬಹುದು, ಆದ್ದರಿಂದ 100 ಸಲ ಓಡಿಸಿ. 95 ಸಲ ಬಂದ ಚೌಕಕ್ಕೆ ಬದಲಿ ಇಲ್ಲ ಎಂದೇ ಲೆಕ್ಕ. 40 ಸಲ ಬಂದದ್ದಕ್ಕೆ ಬದಲಿ ಇದೆ, ಜನರ ಜೊತೆ ಮಾತುಕತೆಗೆ ಅವಕಾಶ ಇರುವುದು ಅಲ್ಲೇ.

ಹಂತ 7: ವಾಪಸ್ ತೋರಿಸಿ

ನಕ್ಷೆಯನ್ನು ಬೀಜ ಇಟ್ಟವರಿಗೇ ತೋರಿಸಿ. "ಈ ಚೌಕ ಬೇಡ" ಎಂದರೆ ಜಗಳ ಬೇಡ. ಅದನ್ನು ತೆಗೆದು ಮತ್ತೆ ಓಡಿಸಿ, ಬದಲಿಗೆ ಯಾವುದು ಬಂತು, ನಷ್ಟ ಎಷ್ಟು ಏರಿತು ಎಂದು ಹೇಳಿ. ಆಸ್ಟ್ರೇಲಿಯಾದ ಹವಳದ ದಿಬ್ಬಗಳ ಸಾಲಾದ ಗ್ರೇಟ್ ಬ್ಯಾರಿಯರ್ ರೀಫ್‌ನ ವಲಯಗಳನ್ನು ಹೊಸದಾಗಿ ಬರೆದಾಗ ಸಾರ್ವಜನಿಕರಿಂದ 31,000ಕ್ಕೂ ಹೆಚ್ಚು ಅಭಿಪ್ರಾಯ ಬಂದವು, ಗೆರೆಗಳು ಬದಲಾದವು. 2004ರಲ್ಲಿ ಯೋಜನೆ ಜಾರಿಗೆ ಬಂದಾಗ ಮೀನು ಹಿಡಿಯಬಾರದ ಜಾಗ 5 ಶೇಕಡಾಕ್ಕಿಂತ ಕಡಿಮೆಯಿಂದ ಸುಮಾರು 33ಕ್ಕೆ ಏರಿತ್ತು. ಅಲ್ಲಿ 70 ಜೈವಿಕ ಪ್ರದೇಶಗಳಲ್ಲಿ ಪ್ರತಿಯೊಂದರಲ್ಲೂ ಕನಿಷ್ಠ 20 ಶೇಕಡಾ ಎಂಬ ನಿಯಮ ಇಟ್ಟಿದ್ದರು. ಅದಿಲ್ಲದಿದ್ದರೆ ಯಾರಿಗೂ ಬೇಡದ ನೀರನ್ನೇ ಕಾಪಾಡಿ ಸಂಖ್ಯೆ ತೋರಿಸಬಹುದಿತ್ತು. ನಿಮ್ಮ ನಕ್ಷೆಯಲ್ಲೂ ಆ ಅನುಮಾನ ಇಟ್ಟುಕೊಂಡು ನೋಡಿ: ಆರಿಸಿದ ಚೌಕಗಳಿಗೆ ನಿಜವಾಗಿ ಏನಾದರೂ ಅಪಾಯ ಇತ್ತೇ?

ವರದಿಯನ್ನು ಕಾಲೇಜಿಗೆ ಕೊಟ್ಟು ಸುಮ್ಮನಾಗಬೇಡಿ. ಎರಡು ಪುಟದ ಸಾರಾಂಶ ಮಾಡಿ ಆ ಊರಿನ ಭಾಷೆಯಲ್ಲಿ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಅದು ಇರಬೇಕು. ಒಂದು ಪ್ರತಿ ಮೀನುಗಾರಿಕೆ ಇಲಾಖೆಗೆ, ಒಂದು ಅರಣ್ಯ ಇಲಾಖೆಗೆ.

ಕೊನೆಗೆ ಕ್ಯಾಲೆಂಡರ್. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಸುಮಾರಾಗಿ ಅದೇ ಹೊತ್ತಿಗೆ. ದೋಣಿಯವರು ಬಲೆ ಹೆಣೆಯುತ್ತಾ ದಡದಲ್ಲೇ ಇರುತ್ತಾರೆ, ಕೂತು ಮಾತಾಡಲು ಅದಕ್ಕಿಂತ ಒಳ್ಳೆ ಸಮಯ ಇಲ್ಲ. ತೊಂದರೆ ಏನಂದರೆ ಆಗಲೇ ನಮ್ಮ ಘಾಟಿ ರಸ್ತೆಗಳೂ ಕುಸಿಯುವುದು. ಆದ್ದರಿಂದ ಹಂತ 3 ಮತ್ತು 4 ಮೊದಲೇ ಮುಗಿಸಿಟ್ಟು, ನಿಷೇಧ ಶುರುವಾದ ಮೊದಲ ವಾರದಲ್ಲೇ ಇಳಿದು ಕೆಲಸ ಮುಗಿಸಿಕೊಂಡು ಬನ್ನಿ. ಜುಲೈ-ಆಗಸ್ಟ್ ಮಳೆಯಲ್ಲಿ ಮನೆಯಲ್ಲಿ ಕೂತು ಹಂತ 6 ಮಾಡಿ. ಹಕ್ಕಿ, ಆಮೆಯ ಕೆಲಸ ಇದ್ದರೆ ಡಿಸೆಂಬರ್ ನಂತರ ಹೋಗಬೇಕು. ಅದು ಕಾಫಿ ಕೊಯ್ಲಿನ ಸಮಯ, ರಜೆಯ ಮಾತನ್ನು ಮನೆಯಲ್ಲಿ ಈಗಲೇ ಆಡಿಟ್ಟುಕೊಳ್ಳಿ.